ಎರಡು ವಾರಕ್ಕೊಮ್ಮೆ ಗ್ರೇಡರ್ ಓಡಿದರೂ ಸುಧಾರಿಸದ ಜಲ್ಲಿ ರಸ್ತೆ: ಒಂದು ಪ್ರಕರಣ

ಏಳು ಕಿಲೋಮೀಟರ್ ಉದ್ದ, ಆರು ಮೀಟರ್ ಅಗಲ. ಡಾಂಬರು ಕಾಣದ, ಜಲ್ಲಿ ಮತ್ತು ಮಣ್ಣು ಹಾಸಿದ ಹಳ್ಳಿ ರಸ್ತೆ. ದಿನವೂ ಶಾಲೆಯ ಬಸ್ಸು, ಹಾಲಿನ ಟ್ಯಾಂಕರ್, ಟ್ರ್ಯಾಕ್ಟರ್‌ಗಳು ಓಡಾಡುತ್ತವೆ. ಕೊಯ್ಲಿನ ಕಾಲದಲ್ಲಿ ಭಾರದ ಲಾರಿಗಳೂ ಸೇರುತ್ತವೆ. ಇದನ್ನು ನೋಡಿಕೊಳ್ಳುವ ಕಚೇರಿಯ ಕೈಯಲ್ಲಿ ಇಂಥ ರಸ್ತೆಗಳು ಬಹಳ ಇದ್ದವು. ಉದ್ದನೆಯ ಬ್ಲೇಡಿನಿಂದ ರಸ್ತೆ ಕೆರೆದು ಸಮ ಮಾಡುವ ಮೋಟಾರ್ ಗ್ರೇಡರ್ ಮಾತ್ರ ಒಂದೇ, ಅದರ ಆಪರೇಟರ್ ಕೂಡ ಒಬ್ಬರೇ. ಯಾರ ಗುರುತೂ ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ರಸ್ತೆಯ ಮೇಲಿನ ದೂರು ಹಳೆಯದು. ಮೇಲ್ಮೈ ತುಂಬ ಅಡ್ಡಡ್ಡ ಅಲೆಗಳು. ಬಸ್ಸಿನ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ, ನಟ್ಟು ಬೋಲ್ಟು ಸಡಿಲವಾಗುತ್ತವೆ. ಅಲೆಗಳಿಲ್ಲದ ಕಡೆ ಗುಂಡಿಗಳು. ಮಳೆ ಬಂದರೆ ಆ ಗುಂಡಿಗಳಲ್ಲಿ ದಿನಗಟ್ಟಲೆ ನೀರು. ಒಣ ಕಾಲದಲ್ಲಿ ಧೂಳು ಎಷ್ಟೆಂದರೆ ಮುಂದಿನ ಗಾಡಿ ಕಾಣುವುದಿಲ್ಲ.

ಕಚೇರಿ ಸುಮ್ನೆ ಕೂತಿರಲಿಲ್ಲ, ಅದನ್ನು ಒಪ್ಪಬೇಕು. ಮೊದಲು ಆರು ವಾರಕ್ಕೊಮ್ಮೆ ಗ್ರೇಡರ್ ಕಳಿಸುತ್ತಿದ್ದವರು, ದೂರು ಜಾಸ್ತಿಯಾದ ಮೇಲೆ ಎರಡು ವಾರಕ್ಕೊಮ್ಮೆ ಕಳಿಸತೊಡಗಿದರು. ಗ್ರೇಡರ್ ಹೋದ ದಿನ ರಸ್ತೆ ನುಣ್ಣಗೆ ಕಾಣುತ್ತಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಅಲೆಗಳು ಹಳೆಯ ಜಾಗದಲ್ಲೇ ಮತ್ತೆ ಏಳುತ್ತಿದ್ದವು. ಹಾಗಾದರೆ ಇನ್ನೂ ಬೇಗ ಬೇಗ ಕಳಿಸಬೇಕೇನೋ ಅನ್ನುವುದು ಸಹಜ ಯೋಚನೆ. ಬೇರೆ ರಸ್ತೆಗಳ ಪಾಲಿನ ಗಂಟೆಗಳು ಕೂಡ ಇಲ್ಲಿಗೆ ಹೋಗತೊಡಗಿದವು.

ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಊರಿನವರು ಆಪರೇಟರನ್ನು ಬೈದರು. ಆಪರೇಟರ್ ಜೋರಾಗಿ ಓಡುವ ಗಾಡಿಗಳನ್ನು ಬೈದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಟೊರೊಂಟೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಸ್ಟೀಫನ್ ಮಾರಿಸ್ ಮತ್ತು ಜೊತೆಗಾರರು ಮರಳಿನ ಹಾಸಿನ ಮೇಲೆ ಚಕ್ರ ಉರುಳಿಸಿ ಮಾಡಿದ ಪ್ರಯೋಗವನ್ನು 2007ರಲ್ಲಿ ಪ್ರಕಟಿಸಿದ್ದರು. ಒಂದು ಮಿತಿಯ ವೇಗ ದಾಟಿದರೆ ಅಲೆಗಳು ತಾವಾಗಿಯೇ ಮೂಡುತ್ತವೆ ಎಂದು ಅದರಲ್ಲಿ ಕಂಡಿತ್ತು. ಆದರೆ ಹಳ್ಳಿ ರಸ್ತೆಯಲ್ಲಿ ಎಲ್ಲರನ್ನೂ ಆ ಮಿತಿಯ ಕೆಳಗೇ ಓಡಿಸಲು ಯಾರಿಂದ ಸಾಧ್ಯ? ಕಚೇರಿಯ ಕೈಯಲ್ಲಿರುವುದು ಎರಡೇ: ರಸ್ತೆಯ ಮೇಲೆ ಏನು ಹಾಸಿದ್ದೇವೆ, ಮತ್ತು ಅದನ್ನು ಯಾವ ಆಕಾರದಲ್ಲಿ ಇಟ್ಟಿದ್ದೇವೆ.

ಹೊಸ ಜಲ್ಲಿಗೆ ಸುರಿದ ಹಣ

ಎರಡನೇ ಪ್ರಯತ್ನ ಹೊಸ ಜಲ್ಲಿ. ಹಾಳಾದ ಎರಡು ಕಿಲೋಮೀಟರಿಗೆ ಲಾರಿಗಟ್ಟಲೆ ತಂದು ಹಳೆಯ ಅಲೆಗಳ ಮೇಲೇ ಸುರಿದು ಹರಡಿದರು. ಕಣ್ಣಿಗೆ ಒಳ್ಳೆಯ ಜಲ್ಲಿ. ತೊಳೆದಂತೆ ಸ್ವಚ್ಛ, ಗಟ್ಟಿ ಕಲ್ಲು. ಕೆಲವೇ ವಾರಗಳಲ್ಲಿ ಅದರ ಬಹುಪಾಲು ಚಕ್ರಕ್ಕೆ ಸಿಡಿದು ಅಂಚಿಗೆ ಹೋಗಿ ಕೂತಿತು. ನಡುವೆ ಉಳಿದದ್ದು ಸಡಿಲ ಕಲ್ಲು, ಅದರಲ್ಲಿ ಬೈಕ್ ಸವಾರರು ಜಾರುತ್ತಿದ್ದರು. ಅಲೆಗಳೂ ಬಂದವು, ಈ ಸಲ ಇನ್ನೂ ಬೇಗ.

ಕಾರಣ ಆಮೇಲೆ ಕಡತದಲ್ಲಿ ಸಿಕ್ಕಿತು. ಖರೀದಿಗೆ ಬಳಸಿದ ವಿವರಣೆ ಡಾಂಬರು ರಸ್ತೆಯ ಅಡಿಪಾಯಕ್ಕೆ ಬರೆದದ್ದು. ಅಡಿಪಾಯದ ಜಲ್ಲಿಯಲ್ಲಿ ನೀರು ಬಸಿದು ಹೋಗಬೇಕು, ಹಾಗಾಗಿ ನುಣುಪು ಮಣ್ಣು ಕಡಿಮೆ ಇರಬೇಕು. ಮೇಲ್ಮೈ ಜಲ್ಲಿಗೆ ಬೇಕಾದ್ದು ಬೇರೆ. ಮಳೆ, ಚಕ್ರ, ಗಾಳಿ ಮೂರನ್ನೂ ಅದು ನೇರವಾಗಿ ತಡೆದುಕೊಳ್ಳಬೇಕು. ಕಲ್ಲುಗಳನ್ನು ಹಿಡಿದಿಡಲು ಜಿಗುಟು ಮಣ್ಣು ಬೇಕೇ ಬೇಕು. ಸಾಮಾನ್ಯವಾಗಿ ಒಪ್ಪಿಕೊಂಡ ಅಳತೆಯಲ್ಲಿ, ಮೇಲ್ಮೈ ಜಲ್ಲಿಯ ತೂಕದಲ್ಲಿ ಶೇಕಡಾ 4ರಿಂದ 15ರಷ್ಟು 0.075 ಮಿಲಿಮೀಟರ್ ಜರಡಿಯಿಂದ ಕೆಳಗಿಳಿಯಬೇಕು. ಆ ಪುಡಿಗೆ ಅಂಟುವ ಗುಣವೂ ಇರಬೇಕು. ಆ ಅಂಟನ್ನು ಅಳೆಯುವ ಸಂಖ್ಯೆ, ಅಂದರೆ ಪ್ಲಾಸ್ಟಿಸಿಟಿ ಇಂಡೆಕ್ಸ್, 4ರಿಂದ 12ರ ಒಳಗಿದ್ದರೆ ಒಳ್ಳೆಯದು. ಬರೀ ಕಲ್ಲುಪುಡಿ ಇದ್ದರೆ ಪುಡಿ ಇದ್ದೂ ಹಿಡಿತ ಇರುವುದಿಲ್ಲ. ಇಲ್ಲಿ ತಂದ ಜಲ್ಲಿಗೆ ಅಂಟು ಅನ್ನುವುದೇ ಇರಲಿಲ್ಲ.

ಲ್ಯಾಬ್ ವರದಿ ಬರುವ ಮೊದಲೇ ಇದನ್ನು ಅಂದಾಜು ಮಾಡಬಹುದಿತ್ತು. ಗಾಜಿನ ಬಾಟಲಿಗೆ ಸ್ವಲ್ಪ ಜಲ್ಲಿ ಹಾಕಿ, ನೀರು ತುಂಬಿ, ಚೆನ್ನಾಗಿ ಅಲುಗಿಸಿ ಇಟ್ಟರೆ ಕಲ್ಲು, ಮರಳು, ನುಣುಪು ಮಣ್ಣು ಪದರ ಪದರವಾಗಿ ಕೂರುತ್ತವೆ. ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲುತ್ತದೋ ಇಲ್ಲವೋ ನೋಡಬಹುದು. ಲ್ಯಾಬಿನ ಕೆಲಸವನ್ನು ಇವು ಮಾಡುವುದಿಲ್ಲ, ಆದರೆ ಲಾರಿ ಖಾಲಿಯಾಗುವ ಮೊದಲು ಅನುಮಾನ ಹುಟ್ಟಿಸಲು ಸಾಕು.

ಮಳೆಯಲ್ಲಿ ಕಂಡದ್ದು

ಪ್ರಕರಣ ತಿರುಗಿದ್ದು ಒಂದು ಮಳೆಯ ದಿನ. ಕಚೇರಿಯ ಕಿರಿಯ ಎಂಜಿನಿಯರ್ ಮಳೆ ಸುರಿಯುವಾಗಲೇ ರಸ್ತೆಗೆ ಹೋದರು. ಸಾಮಾನ್ಯವಾಗಿ ಯಾರೂ ಹೋಗದ ಹೊತ್ತು ಅದು, ಆದರೆ ಜಲ್ಲಿ ರಸ್ತೆಯ ತಪ್ಪುಗಳೆಲ್ಲ ಕಾಣುವುದು ಆವಾಗಲೇ. ನೀರು ಚರಂಡಿಗೆ ಹೋಗುತ್ತಿರಲಿಲ್ಲ. ರಸ್ತೆಯ ಎರಡೂ ಅಂಚಿನಲ್ಲಿ ಜಲ್ಲಿ ಮತ್ತು ಹುಲ್ಲು ಸೇರಿ ಗೇಣು ಎತ್ತರದ ಬದು ಬೆಳೆದಿತ್ತು. ನೀರು ಬದುವಿಗೆ ತಾಗಿ ಅದರ ಪಕ್ಕದಲ್ಲೇ, ಅಂದರೆ ರಸ್ತೆಯ ಮೇಲೇ, ಉದ್ದಕ್ಕೆ ಹರಿಯುತ್ತಿತ್ತು. ಆಳವಾದ ಒಳ್ಳೆಯ ಚರಂಡಿ ಎರಡು ಹೆಜ್ಜೆ ಆಚೆ ಒಣಗಿ ನಿಂತಿತ್ತು! ಇನ್ನು ನಡುಭಾಗದಲ್ಲಿ ಬಿದ್ದ ನೀರು ಅಲ್ಲೇ ನಿಂತಿತ್ತು.

ಮರುದಿನ ದಾರ, ಮಟ್ಟಗೋಲು ಹಿಡಿದು ಅಳೆದರು. ಜಲ್ಲಿ ರಸ್ತೆಯ ಕ್ಯಾಂಬರ್, ಅಂದರೆ ನಡುವಿನಿಂದ ಎರಡೂ ಅಂಚಿಗೆ ಇರುವ ಇಳಿಜಾರು, ಶೇಕಡಾ 4ರಷ್ಟು ಇರಬೇಕು. ಆರು ಮೀಟರ್ ರಸ್ತೆಯಲ್ಲಿ ನಡುವಿನಿಂದ ಅಂಚಿಗೆ ಮೂರು ಮೀಟರ್. ಅಂದರೆ ನಡುಭಾಗ ಅಂಚಿಗಿಂತ 12 ಸೆಂಟಿಮೀಟರ್ ಎತ್ತರ ಇರಬೇಕು. ಹಲವು ಕಡೆ ಅರ್ಧವೂ ಇರಲಿಲ್ಲ. ಎತ್ತರ ಸರಿಯಿದ್ದ ಕಡೆಯೂ ಆಕಾರ ಸರಿಯಿರಲಿಲ್ಲ. ಮನೆಯ ಸೂರಿನ ಹಾಗೆ ಎರಡು ನೇರ ಇಳಿಜಾರು ಇರಬೇಕಾದ ಕಡೆ, ನಡುವೆ ಚಪ್ಪಟೆಯಾಗಿ ಅಂಚಿಗೆ ಹೋಗ್ತಾ ಹೋಗ್ತಾ ಕಡಿದಾಗುವ ಬಿಲ್ಲಿನಾಕಾರ ಇತ್ತು. ಅಂಚು ಕಡಿದಾದರೆ ಚಾಲಕರಿಗೆ ಭಯ. ಎಲ್ಲರೂ ನಡುವೆಯೇ ಓಡಿಸುತ್ತಾರೆ. ನೀರು ನಿಲ್ಲುವುದೂ ನಡುವೆ, ಚಕ್ರ ಬೀಳುವುದೂ ನಡುವೆ. ಗುಂಡಿಗಳು ಅಲ್ಲೇ ಏಕೆ ಏಳುತ್ತಿದ್ದವು ಅನ್ನುವುದಕ್ಕೆ ಬೇರೆ ಉತ್ತರ ಹುಡುಕಬೇಕಿರಲಿಲ್ಲ.

ಬಿಲ್ಲಿನಾಕಾರ ಎಲ್ಲಿಂದ ಬಂತು? ಗ್ರೇಡರ್ ನಿಲ್ಲಿಸಿ, ಬ್ಲೇಡಿನ ಕೆಳ ಅಂಚಿಗೆ ಕೂರಿಸಿದ, ನೆಲ ಕತ್ತರಿಸುವ ಕಟಿಂಗ್ ಎಡ್ಜ್‌ಗೆ ನೇರವಾದ ಪಟ್ಟಿ ಹಿಡಿದು ನೋಡಿದರು. ನಡುಭಾಗ ತೀರಾ ಸವೆದು ಮೇಲೆ ಹೋಗಿತ್ತು, ಎರಡು ತುದಿಗಳು ಕೆಳಗಿದ್ದವು. ಬಾಗಿದ ಬ್ಲೇಡು ನೇರವಾದ ಇಳಿಜಾರು ಕೊಡುವುದುಂಟೇ? ಕಟಿಂಗ್ ಎಡ್ಜ್ ನಡುವೆ ಬೇಗ ಸವೆಯುವುದು ಎಲ್ಲ ಗ್ರೇಡರ್‌ಗಳಲ್ಲೂ ಇರುವುದೇ. ಗ್ಯಾಸ್ ಕಟರ್‌ನಿಂದ ನೇರ ಮಾಡಬಹುದು, ಬದಲಾಯಿಸಬಹುದು, ಸಮವಾಗಿ ಸವೆಯುವ ಕಾರ್ಬೈಡ್ ಹಲ್ಲಿನದು ಹಾಕಬಹುದು. ಇಲ್ಲಿ ಉಳಿತಾಯಕ್ಕೆ ಅಂತ ಪೂರ್ತಿ ಸವೆಯುವ ತನಕ ಓಡಿಸುವ ಪದ್ಧತಿ ಇತ್ತು. ಒಂದು ಎಡ್ಜ್‌ನಲ್ಲಿ ಉಳಿಸಿದ್ದರ ಎಷ್ಟೋ ಪಟ್ಟು ಜಲ್ಲಿಯಲ್ಲಿ ಹೋಗಿತ್ತು.

ಎರಡು ಬಗೆಯ ಅಲೆ

ಅಳೆಯುವಾಗಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ರಸ್ತೆಯ ಅಲೆಗಳೆಲ್ಲ ಒಂದೇ ಬಗೆಯವಾಗಿರಲಿಲ್ಲ. ತಿರುವು, ಏರು, ಗಾಡಿಗಳು ಬ್ರೇಕ್ ಹಾಕುವ ಕೂಡುರಸ್ತೆ, ಇಲ್ಲೆಲ್ಲ ಒತ್ತೊತ್ತಾಗಿ ಇದ್ದವು, ಒಂದರಿಂದ ಒಂದಕ್ಕೆ ಒಂದು ಮೀಟರಿಗಿಂತ ಕಡಿಮೆ. ಇವು ಸಂಚಾರದಿಂದ ಆಗುವಂಥವು. ಆದರೆ ನೇರವಾದ, ಸಮತಟ್ಟಾದ ಭಾಗದಲ್ಲಿ ಯಾರೂ ಬ್ರೇಕ್ ಹಾಕದ ಜಾಗದಲ್ಲೂ ಉದ್ದುದ್ದದ, ಮೆಲ್ಲಗೆ ಏರಿಳಿಯುವ ಅಲೆಗಳಿದ್ದವು. ಅವನ್ನು ಮಾಡಿದ್ದು ಗ್ರೇಡರೇ.

ಗ್ರೇಡರ್‌ಗೆ ಲಾರಿಯ ಹಾಗೆ ಸ್ಪ್ರಿಂಗ್ ಇರುವುದಿಲ್ಲ. ಕುಲುಕಾಟ ಹೀರುವುದಕ್ಕೆ ಟೈರು ಮಾತ್ರ. ವೇಗ ಜಾಸ್ತಿಯಾದರೆ, ಅಥವಾ ಟೈರುಗಳ ಗಾಳಿ ಹೆಚ್ಚು ಕಮ್ಮಿ ಇದ್ದರೆ, ಇಡೀ ಯಂತ್ರ ಕುಣಿಯಲು ಶುರು ಮಾಡುತ್ತದೆ. ಜೊತೆಗೆ ಬ್ಲೇಡೂ ಮೇಲೆ ಕೆಳಗೆ ಆಗುತ್ತದೆ. ಅಲ್ಲಿ ಕೊರೆದದ್ದು ಇಲ್ಲಿ ಗುಡ್ಡೆಯಾಗುತ್ತದೆ. ಮೊದಲೇ ಅಲೆ ಇದ್ದ ರಸ್ತೆಯಲ್ಲಿ ಈ ಕುಣಿತ ಇನ್ನೂ ಬೇಗ ಹತ್ತುತ್ತದೆ. ಅದಕ್ಕೇ ಗಂಟೆಗೆ 5ರಿಂದ 8 ಕಿಲೋಮೀಟರ್ ವೇಗದಲ್ಲಿ ಕೆಲಸ ಮಾಡಬೇಕು ಅನ್ನುವುದು. ಈ ರಸ್ತೆಯಲ್ಲಿ ಗ್ರೇಡರ್ ಹತ್ತಿರ ಹತ್ತಿರ ಅದರ ಎರಡರಷ್ಟು ವೇಗದಲ್ಲಿ ಓಡುತ್ತಿತ್ತು.

ಇದನ್ನು ಆಪರೇಟರ್ ಮುಂದಿಟ್ಟಾಗ ಅವರು ಸಿಟ್ಟಾಗಲಿಲ್ಲ. “ಸಾರ್, ಲಾಗ್‌ಬುಕ್‌ನಲ್ಲಿ ನೀವು ಕಿಲೋಮೀಟರ್ ಕೇಳ್ತೀರಿ. ನಾನು ಕಿಲೋಮೀಟರ್ ಕೊಡ್ತೀನಿ” ಅಂದರು.

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಗಂಟು ಇದ್ದದ್ದು ಇಲ್ಲಿ. ಲಾಗ್‌ಬುಕ್‌ನಲ್ಲಿ ಇದ್ದ ಕಾಲಮ್‌ಗಳು ದಿನಾಂಕ, ರಸ್ತೆ, ಎಷ್ಟು ಕಿಲೋಮೀಟರ್ ಆಯಿತು, ಎಷ್ಟು ಡೀಸೆಲ್. ತಿಂಗಳ ಸಭೆಯಲ್ಲಿ ಓದುತ್ತಿದ್ದದ್ದು ಕಿಲೋಮೀಟರ್ ಒಂದೇ. ಸ್ವಲ್ಪ ಲೆಕ್ಕ ಹಾಕಿ ನೋಡಿ. ದಿನಕ್ಕೆ ಆರು ಗಂಟೆ ಬ್ಲೇಡು ನೆಲದ ಮೇಲಿರುತ್ತದೆ ಅಂದುಕೊಳ್ಳೋಣ. ಗಂಟೆಗೆ 12ರ ವೇಗದಲ್ಲಿ, ರಸ್ತೆಗೆ ಎರಡೇ ಸಲ ಓಡಿಸಿದರೆ ದಿನಕ್ಕೆ 36 ಕಿಲೋಮೀಟರ್ ರಸ್ತೆ ಮುಗಿಯುತ್ತದೆ. 6ರ ವೇಗದಲ್ಲಿ ನಾಲ್ಕು ಸಲ ಓಡಿಸಿದರೆ ಮುಗಿಯುವುದು 9 ಕಿಲೋಮೀಟರ್. ಸರಿಯಾಗಿ ಮಾಡಿದವರು ಕಾಗದದ ಮೇಲೆ ನಾಲ್ಕು ಪಟ್ಟು ಸೋಮಾರಿ! ಕೆಲಸ ಬಲ್ಲ ಮನುಷ್ಯನಿಗೆ ಕೆಟ್ಟದಾಗಿ ಮಾಡುವುದನ್ನು ಕಲಿಸಿದ್ದು ಆ ಒಂದು ಕಾಲಮ್.

ವೇಗ ಜಾಸ್ತಿ ಅಂದರೆ ಆಳ ಕಡಿಮೆ. ಬ್ಲೇಡು ಅಲೆಗಳ ತಲೆ ಮಾತ್ರ ಸವರಿ, ಆ ಸಡಿಲ ಮಣ್ಣಿನಿಂದ ತಗ್ಗುಗಳನ್ನು ತುಂಬುತ್ತಿತ್ತು. ಕೆಳಗಿನ ಗಟ್ಟಿ ಅಲೆ ಹಾಗೇ ಉಳಿಯುತ್ತಿತ್ತು. ಗಾಡಿಗಳು ಓಡಿ ಸಡಿಲ ಮಣ್ಣು ಹಾರಿ ಹೋದ ಕೂಡಲೇ ಅದೇ ಜಾಗದಲ್ಲಿ ಅದೇ ಅಲೆ ಮತ್ತೆ ಮೇಲೆ ಕಾಣುತ್ತಿತ್ತು. ಜೊತೆಗೆ ಒಣ ಮಣ್ಣಿನಲ್ಲಿ ಇಷ್ಟು ಸಲ ಕೆರೆದರೆ ನುಣುಪು ಪುಡಿಯೆಲ್ಲ ಧೂಳಾಗಿ ಹೋಗುತ್ತದೆ. ಹಾಗಾಗಿ ಎರಡು ವಾರಕ್ಕೊಮ್ಮೆ ಮಾಡಿದ ಕೆಲಸ ರಸ್ತೆಯನ್ನು ಆರು ವಾರಕ್ಕೊಮ್ಮೆ ಮಾಡಿದ್ದಕ್ಕಿಂತ ಬೇಗ ಕೆಡಿಸಿತು.

ಹೊಸ ಪ್ರಯೋಗ

ಇಡೀ ಏಳು ಕಿಲೋಮೀಟರಿಗೆ ಕೈ ಹಾಕಬೇಡಿ, ಮೊದಲು ಎರಡು ಕಿಲೋಮೀಟರಿನಲ್ಲಿ ಮಾಡಿ ನೋಡೋಣ ಅಂತ ಕಚೇರಿ ತೀರ್ಮಾನಿಸಿತು. ಒಂದು ಕಿಲೋಮೀಟರಿನಲ್ಲಿ ಆಕಾರ ಮಾತ್ರ ಸರಿಮಾಡುವುದು, ಹೊರಗಿನಿಂದ ಏನೂ ತರುವುದಿಲ್ಲ. ಇನ್ನೊಂದರಲ್ಲಿ ಆಕಾರದ ಜೊತೆ ಜಿಗುಟು ಮಣ್ಣನ್ನೂ ಬೆರೆಸುವುದು. ಒಳ್ಳೆಯ ತೀರ್ಮಾನ. ಎರಡನ್ನೂ ಎಲ್ಲ ಕಡೆ ಒಟ್ಟಿಗೆ ಮಾಡಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುತ್ತಿರಲಿಲ್ಲ.

ಹೊಸ ಕಟಿಂಗ್ ಎಡ್ಜ್ ಹಾಕಿದರು. ಟೈರುಗಳ ಗಾಳಿ ಸಮ ಮಾಡಿದರು. ಮಳೆಗೆ ಕಾದರು. ಈ ಕಾಯುವಿಕೆ ಕಚೇರಿಗೆ ಕಷ್ಟವಾಯಿತು, ಯಂತ್ರ ನಿಂತಿದ್ದರೆ ಮೇಲಿನವರು ಕೇಳುತ್ತಾರಲ್ವಾ? ಆದರೆ ಒಣ ಮಣ್ಣು ಕತ್ತರಿಸಿದರೆ ಮತ್ತೆ ಕೂಡಿಕೊಳ್ಳುವುದಿಲ್ಲ. ಕೆಸರಾಗುವಷ್ಟು ಒದ್ದೆಯೂ ಬೇಡ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಕೈಗೆ ನೀರು ಹತ್ತಬಾರದು.

ಮೊದಲ ಕೆಲಸ ಅಂಚಿನ ಬದು ತೆಗೆಯುವುದು. ಬದುವಿನಲ್ಲಿದ್ದದ್ದು ಕಳೆದ ವರ್ಷಗಳಲ್ಲಿ ದುಡ್ಡು ಕೊಟ್ಟು ತಂದ ಜಲ್ಲಿಯೇ. ಅದನ್ನು ರಸ್ತೆಯ ಮೇಲೆ ಎಳೆದುಕೊಂಡು, ಹುಲ್ಲಿನ ಹೆಂಟೆಗಳನ್ನು ಒಡೆದು, ಬೇರುಗಳನ್ನು ಆರಿಸಿ ತೆಗೆದರು. ನಿಧಾನದ, ಬೇಸರದ ಕೆಲಸ. ಆದರೆ ಸಿಕ್ಕ ಜಲ್ಲಿ ನೋಡಿ ಎಂಜಿನಿಯರೇ ಬೆರಗಾದರು. ಆಕಾರ ಮಾತ್ರ ಸರಿಮಾಡುವ ಕಿಲೋಮೀಟರಿಗೆ ಹೊಸ ಜಲ್ಲಿಯ ಲಾರಿ ಬೇಕಾಗಲೇ ಇಲ್ಲ.

ಆಮೇಲೆ ಕತ್ತರಿಸುವುದು. ಬ್ಲೇಡಿನ ಮೇಲಂಚನ್ನು ಹಿಂದಕ್ಕೆ ಬಾಗಿಸಿದರು. ಹಾಗೆ ಬಾಗಿಸಿದರೆ ಬ್ಲೇಡು ಕತ್ತರಿಸುತ್ತದೆ, ಮುಂದಕ್ಕೆ ಬಾಗಿಸಿದರೆ ಸವರಿ ಹರಡುತ್ತದೆ. ಅಲೆಯ ತಗ್ಗಿಗಿಂತ ಎರಡು ಮೂರು ಸೆಂಟಿಮೀಟರ್ ಕೆಳಗಿನವರೆಗೆ, ಗುಂಡಿ ಇದ್ದ ಕಡೆ ಗುಂಡಿಯ ತಳದವರೆಗೆ ಇಳಿಸಿದರು. ರಸ್ತೆಗೆ ಅಡ್ಡವಾದ ಗೆರೆಯಿಂದ ಬ್ಲೇಡಿನ ಕೋನ 30ರಿಂದ 45 ಡಿಗ್ರಿ. ಕಡಿಮೆ ಇಟ್ಟರೆ ಮಣ್ಣು ಬ್ಲೇಡಿನ ಉದ್ದಕ್ಕೆ ಉರುಳದೆ ಎರಡು ತುದಿಯಲ್ಲೂ ಚೆಲ್ಲುತ್ತದೆ. ಮುಂದಿನ ಚಕ್ರಗಳನ್ನು ಮಣ್ಣು ಉರುಳಿ ಹೋಗುವ ದಿಕ್ಕಿಗೆ ವಾಲಿಸಿದರು, ಯಂತ್ರ ಪಕ್ಕಕ್ಕೆ ಸರಿಯದೆ ನಿಲ್ಲುತ್ತದೆ. ಮಣ್ಣು ಬ್ಲೇಡಿನ ಮುಂದೆ ಉರುಳುತ್ತಿದ್ದರೆ ಕಲ್ಲು, ಮರಳು, ಪುಡಿ ಮತ್ತೆ ಬೆರೆಯುತ್ತವೆ. ಕೊನೆಯ ಸುತ್ತಿನಲ್ಲಿ ಬ್ಲೇಡನ್ನು ಮುಂದಕ್ಕೆ ಬಾಗಿಸಿ, ಎರಡೂ ಬದಿಗೆ ಶೇಕಡಾ 4 ಇಳಿಜಾರು ಕೊಟ್ಟು ಹರಡಿದರು. ಹಿಂದೆಯೇ ರೋಲರ್. ಸಂಜೆಯಾಯಿತು ಅಂತ ಜಲ್ಲಿಯ ಸಾಲನ್ನು ನಡುರಸ್ತೆಯಲ್ಲಿ ಬಿಟ್ಟು ಹೋಗುವ ಅಭ್ಯಾಸ ಎಷ್ಟೋ ಕಡೆ ಇದೆ. ಕತ್ತಲಲ್ಲಿ ಅದು ಜೀವ ತೆಗೆಯುತ್ತದೆ. ಇಲ್ಲಿ ಅಂದಂದಿನ ಭಾಗ ಅಂದೇ ಮುಗಿಸಿದರು.

ತಿರುವಿನಲ್ಲಿ ಕ್ಯಾಂಬರ್ ತೆಗೆದು, ಹೊರ ಅಂಚು ಎತ್ತರ ಇರುವಂತೆ ಒಂದೇ ಕಡೆಗೆ ಇಳಿಜಾರು ಕೊಟ್ಟರು. ಡಾಂಬರು ರಸ್ತೆಗೆ ಕೂಡುವ ಕಡೆ ಸುಮಾರು ಮೂವತ್ತು ಮೀಟರ್ ಮೊದಲಿನಿಂದಲೇ ಉಬ್ಬನ್ನು ಕಡಿಮೆ ಮಾಡುತ್ತಾ ಬಂದರು.

ಎಡವಿದ ಜಾಗಗಳು

ಜಿಗುಟು ಮಣ್ಣು ಬೆರೆಸಿದ ಕಿಲೋಮೀಟರಿನಲ್ಲಿ ಮೊದಲ ಜೋರು ಮಳೆಗೆ ಒಂದು ಇಳಿಜಾರು ಸಾಬೂನಿನಂತಾಯಿತು. ಮಣ್ಣಿನ ಪ್ರಮಾಣ ಒಟ್ಟಾರೆ ಸರಿಯಿತ್ತು, ಬೆರೆತದ್ದು ಸಮವಾಗಿರಲಿಲ್ಲ. ಲಾರಿ ಸುರಿದ ಜಾಗದಲ್ಲೇ ಮಣ್ಣು ಗಟ್ಟಿಯಾಗಿ ಉಳಿದಿತ್ತು. ಊರಿನವರು ಸಹಜವಾಗಿ ಸಿಟ್ಟಾದರು, ಕೆಲಸ ನಿಲ್ಲಿಸಿ ಅಂದರು. ಎಂಜಿನಿಯರ್ ನಿಲ್ಲಿಸಲಿಲ್ಲ. ಒಣಗಿದ ಮೇಲೆ ಆ ಭಾಗವನ್ನು ಮತ್ತೆ ಕತ್ತರಿಸಿ, ಬ್ಲೇಡಿನ ಮುಂದೆ ಇನ್ನೂ ಹಲವು ಸಲ ಉರುಳಿಸಿ ಬೆರೆಸಿದರು. ಆಮೇಲೆ ಜಾರಲಿಲ್ಲ.

ಇನ್ನೊಂದು ತೊಂದರೆ ಯಾರೂ ಎಣಿಸಿರಲಿಲ್ಲ. ಹೊಲಗಳಿಗೆ ಇಳಿಯಲು ಜನ ಚರಂಡಿಯನ್ನೇ ಮಣ್ಣು ತುಂಬಿ ದಾರಿ ಮಾಡಿಕೊಂಡಿದ್ದರು, ಅಡಿಯಲ್ಲಿ ಪೈಪು ಇರಲಿಲ್ಲ. ಬದು ಇದ್ದಷ್ಟು ದಿನ ಚರಂಡಿಗೆ ನೀರೇ ಹೋಗದ ಕಾರಣ ಇದು ಕಂಡಿರಲಿಲ್ಲ. ಈಗ ನೀರು ಚರಂಡಿಗೆ ಬಂತು, ಮುಂದೆ ದಾರಿಯಿಲ್ಲದೆ ಒಬ್ಬರ ಹೊಲಕ್ಕೆ ನುಗ್ಗಿತು. ಅಂಥ ಪ್ರತಿಯೊಂದು ದಾರಿಗೂ ಪೈಪು ಹಾಕುವಷ್ಟು ಹಣ ಇರಲಿಲ್ಲ. ತೀರಾ ತಗ್ಗಿನಲ್ಲಿದ್ದವಕ್ಕೆ ಪೈಪು, ಉಳಿದ ಕಡೆ ನೀರನ್ನು ಮೊದಲೇ ಮೋರಿಯ ಕಡೆ ತಿರುಗಿಸುವುದು, ಹೀಗೆ ರಾಜಿ ಮಾಡಿಕೊಂಡರು. ಬದು ತೆಗೆಯುವ ಮೊದಲೇ ಚರಂಡಿಯ ಉದ್ದಕ್ಕೂ ಒಮ್ಮೆ ನಡೆದು ನೋಡಿದ್ದರೆ ಆ ಬೆಳೆ ಉಳಿಯುತ್ತಿತ್ತು.

ಏನಾಯಿತು

ಆಕಾರ ಮಾತ್ರ ಸರಿಮಾಡಿದ ಕಿಲೋಮೀಟರಿನಲ್ಲಿ ಗುಂಡಿಗಳು ಹೆಚ್ಚು ಕಡಿಮೆ ನಿಂತೇ ಹೋದವು. ನೀರು ನಿಲ್ಲದ ಕಡೆ ಗುಂಡಿ ಏಳುವುದು ಕಷ್ಟ. ಗ್ರೇಡರ್ ಮಾಡುತ್ತಿದ್ದ ಉದ್ದ ಅಲೆಗಳೂ ಹೋದವು. ಆದರೆ ಒಣ ಕಾಲದಲ್ಲಿ ಮೇಲಿನ ಕಲ್ಲು ಸಡಿಲಾಗಿ ಸಣ್ಣ ಅಲೆಗಳು ನಿಧಾನಕ್ಕೆ ಮತ್ತೆ ಬಂದವು. ಮಣ್ಣು ಬೆರೆಸಿದ ಕಿಲೋಮೀಟರ್ ಗಟ್ಟಿ ಹೊರಪದರ ಕಟ್ಟಿಕೊಂಡಿತು, ಧೂಳೂ ಕಡಿಮೆಯಾಯಿತು. ಅಲ್ಲಿ ಒಂದು ಇಡೀ ಋತು ಗ್ರೇಡರ್ ಹೋಗಬೇಕಾಗಲಿಲ್ಲ. ಅಂದರೆ ಗುಂಡಿ ಆಕಾರದ ರೋಗ, ಅಲೆ ಬಹುಮಟ್ಟಿಗೆ ಜಲ್ಲಿಯ ರೋಗ. ಆದರೆ ಹಣ ಕಡಿಮೆ ಇದ್ದರೆ ನಾನು ಮೊದಲು ಆಕಾರಕ್ಕೇ ಹಾಕುತ್ತೇನೆ. ಆಕಾರ ಕೆಟ್ಟ ರಸ್ತೆಯ ಮೇಲೆ ಸುರಿದ ಒಳ್ಳೆಯ ಜಲ್ಲಿಯನ್ನು ನೀರೇ ಹೊತ್ತುಕೊಂಡು ಹೋಗುತ್ತದೆ.

ಏರು ಮತ್ತು ಕೂಡುರಸ್ತೆಯ ಹತ್ತಿರ ಅಲೆಗಳು ಎರಡೂ ಭಾಗದಲ್ಲಿ ಬಂದವು. ಚಕ್ರ ಎಳೆಯುವ, ಬ್ರೇಕ್ ಹಾಕುವ ಜಾಗದಲ್ಲಿ ಜಲ್ಲಿ ರಸ್ತೆಗೆ ಇದರಿಂದ ಪೂರ್ತಿ ಬಿಡುಗಡೆ ಇಲ್ಲ. ಅಂಥ ತುಂಡುಗಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕೋಣ ಅನ್ನುವ ಸಲಹೆ ಹಿಂದೆಯೇ ಬಂದಿತ್ತು. ಅದು ಗಾಳಿಯ ತೇವ ಹೀರಿ ಪುಡಿಯನ್ನು ಹಿಡಿದಿಡುತ್ತದೆ, ಆದರೆ ಹಿಡಿಯಲು ಪುಡಿಯೇ ಇಲ್ಲದ ಜಲ್ಲಿಯಲ್ಲಿ ದುಡ್ಡು ದಂಡ. ಈಗ ಮಣ್ಣು ಬೆರೆತ ಏರಿನಲ್ಲಿ ಮಾತ್ರ ಹಾಕಿ ನೋಡುತ್ತಿದ್ದಾರೆ. ಕೂಡುರಸ್ತೆಗೆ ನೀರಿನ ಟ್ಯಾಂಕರ್ ಜೊತೆ ಗ್ರೇಡರ್ ಆಗಾಗ ಹೋಗುತ್ತದೆ.

ಲಾಗ್‌ಬುಕ್ ಬದಲಾಯಿತು. ಕಿಲೋಮೀಟರ್ ಕಾಲಮ್ ಇದೆ, ಅದರ ಪಕ್ಕದಲ್ಲಿ ಎಷ್ಟು ಸುತ್ತು, ಮಣ್ಣಿನ ತೇವ ಹೇಗಿತ್ತು, ಮೂರು ಜಾಗದಲ್ಲಿ ಅಳೆದ ಕ್ಯಾಂಬರ್, ಅಂಚಿನಲ್ಲಿ ಬದು ಉಳಿದಿದೆಯೋ ಇಲ್ಲವೋ ಅನ್ನುವುದೂ ಇದೆ. ಕ್ಯಾಂಬರ್ ಅಳೆಯುವುದು ಆಪರೇಟರೇ, ಎಂಜಿನಿಯರ್ ಹೇಳದೆ ಬಂದು ಒಂದೆರಡು ಕಡೆ ಮತ್ತೆ ಅಳೆಯುತ್ತಾರೆ. ಮೊದಲ ತಿಂಗಳ ಸಭೆಯಲ್ಲಿ ಒಟ್ಟು ಕಿಲೋಮೀಟರ್ ಕುಸಿದದ್ದು ನೋಡಿ ಮೇಲಧಿಕಾರಿ ವಿವರಣೆ ಕೇಳಿದರು. ಎರಡು ಕಿಲೋಮೀಟರಿನ ಮಳೆಗಾಲದ ಫೋಟೋಗಳನ್ನು ಹಳೆಯ ಫೋಟೋಗಳ ಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಮಾತು ಅಲ್ಲಿಗೆ ನಿಂತಿತು.

ಯಂತ್ರ ಈಗಲೂ ಒಂದೇ. ಒಂದು ರಸ್ತೆಗೆ ನಾಲ್ಕು ಸುತ್ತು ಅಂದರೆ ಇನ್ನೊಂದು ರಸ್ತೆ ಕಾಯಬೇಕು. ಕಾಯುವವರ ದೂರು ಶುರುವಾಗಿದೆ. ಜೋರಾಗಿ ಕೂಗಿದವರ ರಸ್ತೆಗೆ ಮೊದಲು ಹೋಗುವ ಹಳೆಯ ಪದ್ಧತಿ ಬಿಟ್ಟು, ಮಳೆಯಲ್ಲಿ ನಡುವೆ ನೀರು ನಿಲ್ಲುವ ರಸ್ತೆಗೆ ಮೊದಲು ಅಂತ ಕಚೇರಿ ಪಟ್ಟಿ ಮಾಡಿದೆ. ಉಳಿದವರಿಗೆ ಯಾವ ತಿಂಗಳು ಅಂತ ಬರೆದು ಕೊಟ್ಟಿದೆ. ಪಟ್ಟಿಯಲ್ಲಿ ಕೊನೆಗಿರುವ ರಸ್ತೆಯವರು ಇದನ್ನು ಇನ್ನೂ ಒಪ್ಪಿಲ್ಲ.